ಹೊಳೆಯ ಮೀನಿನ ಭೋಜನ

ಮೀನಿನ ಆಹಾರವೆಂದರೆ ಎರೆಹುಳು, ಕೀಟ, ತನಗಿಂತ ಸಣ್ಣ ಮೀನು, ಇಷ್ಟೇ ಎಂದು ನಾವು ಸಾಮಾನ್ಯವಾಗಿ ಭಾವಿಸಿರುವೆವು. ಗಾಳ ಹಿಡಿದು ಹೊಳೆಯ ದಡದಲ್ಲಿ ದಿನಗಟ್ಟಲೆ ಕುಳಿತವರನ್ನು ವಿಚಾರಿಸಿದರೆ ಈ ಭಾವನೆಯು ನಿಲ್ಲಲಾರದು. ಯಾವ ಮೀನಿಗೆ ಯಾವುದರಲ್ಲಿ ರುಚಿಯೆಂಬುದನ್ನರಿಯದೆ ಅವರ ಕೆಲಸವು ಸಾಗುವಂತಿಲ್ಲವಷ್ಟೆ.

ನಮ್ಮ ಕಾವೇರಿಯ ಮಹಸೀರ್ ಮೀನನ್ನೇ ತೆಗೆದುಕೊಳ್ಳೋಣ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಹಿಡಿದ ಮಹಸೀರು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಇಂತಹ ಭೀಮಕಾಯನನ್ನು ಸೆಳೆಯಲು ಕಾವೇರಿತೀರದ ಗಾಳಗಾರರು ಬಳಸುತ್ತಿದ್ದ ಮುಖ್ಯವಾದ ಎರೆ ಯಾವುದೆಂದರೆ, ರಾಗಿಯ ಹಿಟ್ಟು! ಅದನ್ನು ಗಟ್ಟಿಯಾಗಿ ಕಲಸಿ, ಬೇಯಿಸಿ, ನಾದಿ, ಉಂಡೆಮಾಡಿ ಕೊಕ್ಕೆಗೆ ಮೆತ್ತುತ್ತಿದ್ದರು. ರೈತನ ಮುದ್ದೆಯು ಜಲಚರಕ್ಕೂ ಪ್ರಿಯವೆಂದಾಯಿತು.

ಇದೇ ಮೀನು ಏಡಿಯನ್ನೂ ಚಿಪ್ಪುಸಹಿತವಾದ ಬಸವನ ಹುಳುವನ್ನೂ ನುಂಗುವುದು. ಇದರ ದವಡೆಯಲ್ಲಿ ಒಂದು ಹಲ್ಲೂ ಇಲ್ಲ. ಹಾಗಾದರೆ ಚಿಪ್ಪನ್ನು ಒಡೆಯುವ ಬಗೆ ಹೇಗೆ? ಹಲ್ಲುಗಳು ಇರುವುದು ಗಂಟಲಿನೊಳಗೆ. ಅಲ್ಲಿ ಸಿಕ್ಕಿದ ವಸ್ತುವು ನುಚ್ಚುನೂರಾಗುವುದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬವರು 1873ರಲ್ಲಿ ಪ್ರಕಟಿಸಿದ ‘ದ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥದಲ್ಲಿ ಮಹಸೀರಿನ ಆಹಾರವನ್ನು ವಿಸ್ತಾರವಾಗಿ ವಿವೇಚಿಸಿರುವರು.

ದಡದ ಅತ್ತಿಯ ಮರದಿಂದ ನೀರಿಗೆ ಬೀಳುವ ಹಣ್ಣುಗಳೂ ಈ ಮೀನಿಗೆ ಔತಣವೇ. ಹಣ್ಣು ತಿನ್ನುವ ಮೀನುಗಳು ಇತರ ದೇಶಗಳಲ್ಲಿಯೂ ಉಂಟು. ಅಮೆಜಾನ್ ನದಿಯು ಉಕ್ಕಿ ಕಾಡನ್ನು ಮುಳುಗಿಸಿದಾಗ ತಂಬಾಕಿ ಎಂಬ ಮೀನು ಮರಗಳ ನಡುವೆ ಈಜುತ್ತ, ರಬ್ಬರಿನ ಗಟ್ಟಿಯಾದ ಬೀಜಗಳನ್ನು ಕಡಿದು ತಿನ್ನುವುದು. ಅದು ನುಂಗಿದ ಹಣ್ಣುಗಳ ಬೀಜಗಳಲ್ಲಿ ಕೆಲವು ಕೆಡದೆ ದೂರದಲ್ಲಿ ಹೊರಬಿದ್ದು ಮೊಳೆಯುವುವು. ಮರವು ಮೀನನ್ನು ಸಲಹಿದರೆ ಮೀನು ಮರವನ್ನು ಬೆಳೆಸುವುದು.

ಗಾಳಗಾರರ ಅನುಭವದಿಂದ ಇನ್ನೂ ದೊಡ್ಡದೊಂದು ಉಪಕಾರವಾಗಿದೆ. ಕಾವೇರಿಯಲ್ಲಿ ಮೀನನ್ನು ಹಿಡಿದು ಮರಳಿ ನೀರಿಗೆ ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರು ಹೆಚ್ಚುತ್ತ ಬಂದು, ಕಾವೇರಿಯದೇ ಆದ ಡುಬ್ಬದ ಮಹಸೀರು ಕ್ಷಯಿಸುತ್ತಿರುವುದು ಅದರಿಂದ ತಿಳಿದುಬಂದಿತು. ಈ ಡುಬ್ಬದ ಮೀನು 2018ರಲ್ಲಿ ಅತ್ಯಂತ ಅಪಾಯಕ್ಕೀಡಾದ ಜೀವಿಗಳ ಪಟ್ಟಿಗೆ ಸೇರಿತು. ಉಪಕಾರವೆಂದು ಬಿಟ್ಟ ಮೀನೂ ಅಪಕಾರಕ್ಕೆ ಕಾರಣವಾಗಬಹುದೆಂಬುದಕ್ಕೆ ಇದು ನಿದರ್ಶನ.

ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಮಹಸೀರುಗಳು ದೇವರ ಮೀನುಗಳೆನಿಸಿ, ಭಕ್ತರು ಚೆಲ್ಲುವ ಮಂಡಕ್ಕಿಯನ್ನು ಬಾಯ್ದೆರೆದು ತಿನ್ನುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷವಿಕ್ಕಿದುದರಿಂದ ಸಾವಿರಾರು ಮೀನುಗಳು ಸತ್ತುಹೋದುವು. ಕೈಯಿಂದ ಬಿದ್ದುದನ್ನೆಲ್ಲ ನಂಬಿ ನುಂಗುವ ಜೀವಿಗೆ ನಾವು ಹಾಕುವುದೇನೆಂಬ ಎಚ್ಚರವು ನಮಗಿರಬೇಡವೇ? ಹೊಳೆಯ ದರ್ಶನಕ್ಕೆ ಹೋಗುವ ಗೃಹಸ್ಥರು ಮಕ್ಕಳ ಕೈಗೆ ಒಂದು ಹಿಡಿ ಮಂಡಕ್ಕಿಯನ್ನು ಮಾತ್ರ ಕೊಟ್ಟು, ಪ್ಲಾಸ್ಟಿಕ್ ಪೊಟ್ಟಣವನ್ನು ಮನೆಗೆ ಹಿಂತರುವುದು ಲೇಸು. ದಡದ ಅತ್ತಿಯ ಮರಕ್ಕೆ ಕೊಡಲಿ ಹಾಕುವವರಿದ್ದರೆ, ಅದು ಮೀನಿನ ಅನ್ನವೆಂದು ಅವರಿಗೆ ತಿಳಿಯಹೇಳುವುದು ಇನ್ನೂ ಲೇಸು.