ಕಾಯುವವರ ಕೈಯಲ್ಲಿ ಉಳಿಯುವುದೇನು?

ಬಣ್ಣಾರಿಯಿಂದ ದಿಂಬಂ ಘಟ್ಟವನ್ನು ಏರುವ ದಾರಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುವ ಈ ಹೆದ್ದಾರಿಯಲ್ಲಿ ರಾತ್ರಿ ಸಂಚಾರದ ನಿರ್ಬಂಧವು 2022ರ ಫೆಬ್ರವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ ಬಿಗಿಯಾಗಿ ಜಾರಿಗೆ ಬಂದಿತು. ಹೊತ್ತು ಮೀರಿ ಬಂದ ಲಾರಿಗಳು ಚೆಕ್‌ಪೋಸ್ಟಿನ ಮುಂದೆ ಸಾಲುಗಟ್ಟಿ ನಿಲ್ಲುವ ನೋಟ ಇಲ್ಲಿನವರಿಗೆ ಹೊಸದಲ್ಲ. ಆ ಸಾಲಿನಲ್ಲಿರುವ ಚಾಲಕನಿಗೆ ಒಂದು ಸಮಾಧಾನವಾದರೂ ಉಂಟು: ಬೆಳಗಾದರೆ ಗೇಟು ತೆರೆಯುತ್ತದೆ.

ಬೆಳಗು ಯಾವಾಗ ಎಂಬುದೇ ತಿಳಿಯದ ಸಾಲೊಂದು ಬೇರೆಡೆ ಇದೆ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಕೊಯಮತ್ತೂರಿನಲ್ಲೋ ಮೈಸೂರಿನಲ್ಲೋ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಕಂಪನಿಯ ಮೂಲಕ ಅಮೆರಿಕವನ್ನು ಸೇರುವ ಮಕ್ಕಳು ನಿಲ್ಲುವ ಸಾಲು ಅದು. ಊರಿನಲ್ಲಿರುವ ತಾಯಿ ಫೋನಿನಲ್ಲಿ "ಯಾವಾಗ ಬತ್ತೀಯಪ್ಪ?" ಎಂದು ಕೇಳುತ್ತಾಳೆ. "ಇನ್ನೂ ಡೇಟು ಬಂದಿಲ್ಲ ಕಣವ್ವ" ಎಂಬ ಉತ್ತರ ಬರುತ್ತದೆ. ಯಾವ ಡೇಟು, ಏಕೆ ಬಂದಿಲ್ಲ, ಬಾರದಿದ್ದರೆ ಏನಾಗುತ್ತದೆ ಎಂಬುದು ಮನೆಯವರಿಗೆ ತಿಳಿಯದು. ಮಗನಿಗೆ ಊರಿನ ಮೇಲೆ ಮಮತೆ ಕಡಿಮೆಯಾಯಿತೆಂಬ ತಪ್ಪು ತಿಳಿವಳಿಕೆ ಹುಟ್ಟುವುದು ಇಂಥ ಕಡೆಯೇ.

ಈ ಡೇಟಿನ ಕಥೆ ಮೂರು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಇಲ್ಲಿಂದ ಹೋದವರಲ್ಲಿ ಬಹುಪಾಲು ಮಂದಿ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ಪರವಾನಿಗೆಯ ಮೇಲೆ ಇರುತ್ತಾರೆ. ಅದರ ಅವಧಿ ಮೂರು ವರ್ಷ, ಮುಂದುವರಿಸಿದರೆ ಒಟ್ಟು ಆರು. ಕಾಯಂ ವಾಸದ ಅನುಮತಿ, ಅಂದರೆ ಗ್ರೀನ್ ಕಾರ್ಡ್ ಬೇಕೆಂದರೆ ಮೊದಲು ಕೆಲಸ ಕೊಟ್ಟ ಕಂಪನಿಯು ಆ ಹುದ್ದೆಗೆ ಅರ್ಹರಾದ ಅಮೆರಿಕದ ಕೆಲಸಗಾರರು ದೊರೆಯಲಿಲ್ಲವೆಂದು ಅಲ್ಲಿನ ಕಾರ್ಮಿಕ ಇಲಾಖೆಗೆ ತೋರಿಸಿಕೊಡಬೇಕು. ಇದಕ್ಕೆ ಪರ್ಮ್ ಎಂಬ ಹೆಸರು. ಎರಡನೆಯದಾಗಿ, ಈ ಕೆಲಸಗಾರ ತನಗೆ ಬೇಕೆಂದು ಕಂಪನಿಯು ವಲಸೆ ಇಲಾಖೆಗೆ ಐ-140 ಎಂಬ ಅರ್ಜಿಯನ್ನು ಸಲ್ಲಿಸಬೇಕು. ಮೂರನೆಯದಾದ ಐ-485 ಮಾತ್ರ ಕೆಲಸಗಾರನ ಸ್ವಂತ ಅರ್ಜಿ. ಅದನ್ನು ಹಾಕಬೇಕಾದರೆ ಸರತಿ ಬಂದಿರಬೇಕು. ಪರ್ಮ್ ಅರ್ಜಿ ಸಲ್ಲಿಕೆಯಾದ ದಿನವೇ ಸರತಿಯಲ್ಲಿ ಅವನ ಸ್ಥಾನವನ್ನು ಹೇಳುವ ದಿನಾಂಕ. ತಾಯಿಗೆ ಫೋನಿನಲ್ಲಿ ಕೇಳಿಬರುವ ಡೇಟು ಇದೇ.

ಸರತಿ ಇಷ್ಟು ಉದ್ದವಾದದ್ದು 1990ರ ವಲಸೆ ಕಾಯಿದೆಯ ಲೆಕ್ಕದಿಂದ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳನ್ನು ಆ ದೇಶ ಕೊಡುತ್ತದೆ. ಕೆಲಸಗಾರನ ಜೊತೆಗೆ ಹೆಂಡತಿ ಮಕ್ಕಳೂ ಈ ಲೆಕ್ಕದೊಳಗೇ ಬರುವುದರಿಂದ ನಾಲ್ವರ ಸಂಸಾರ ನಾಲ್ಕು ಕಾರ್ಡುಗಳನ್ನು ಬಳಸುತ್ತದೆ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಶೇಕಡ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯೂ ಇದೆ. ಕೆಲವೇ ಲಕ್ಷ ಜನರಿರುವ ಐಸ್‌ಲ್ಯಾಂಡಿಗೂ 140 ಕೋಟಿ ಜನರಿರುವ ಭಾರತಕ್ಕೂ ಮಿತಿ ಒಂದೇ. ಇತರರು ಬಳಸದೆ ಉಳಿದದ್ದು ಕೆಲವೊಮ್ಮೆ ಭಾರತದ ಸಾಲಿಗೆ ಹರಿದು ಬರುವುದುಂಟು. ಅದನ್ನು ನಂಬಿ ಕೂರುವಂತಿಲ್ಲ. ಯಾವ ದಿನಾಂಕದವರೆಗಿನವರಿಗೆ ಸರತಿ ಬಂದಿದೆ ಎಂಬುದನ್ನು ಅಲ್ಲಿನ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2025ರ ಪ್ರಕಟಣೆಗಳಲ್ಲಿ ಭಾರತದ ಎರಡನೆಯ ಮತ್ತು ಮೂರನೆಯ ವರ್ಗಗಳ ದಿನಾಂಕ ಇನ್ನೂ 2012-13ರ ಆಸುಪಾಸಿನಲ್ಲಿಯೇ ಇತ್ತು. ಆ ದಿನಾಂಕ ಮುಂದೆ ಸರಿದಂತೆಯೇ ಕೆಲವು ತಿಂಗಳು ಹಿಂದಕ್ಕೂ ಸರಿಯುತ್ತದೆ.

ಇಲ್ಲಿ ಎಣಿಕೆಗೆ ಬರುವುದು ಪೌರತ್ವವಲ್ಲ, ಹುಟ್ಟಿದ ದೇಶ. ಮಂಗಳೂರಿನ ದಂಪತಿಗೆ ಕುವೈತಿನಲ್ಲಿ ಹುಟ್ಟಿದ ಅಣ್ಣ ಕುವೈತಿನ ಸಾಲಿನಲ್ಲಿಯೂ ಮಂಗಳೂರಿನಲ್ಲಿ ಹುಟ್ಟಿದ ತಮ್ಮ ಭಾರತದ ಸಾಲಿನಲ್ಲಿಯೂ ನಿಲ್ಲುತ್ತಾರೆ. ಇಬ್ಬರ ಕೈಯಲ್ಲಿರುವುದು ಒಂದೇ ಬಗೆಯ ಪಾಸ್‌ಪೋರ್ಟು, ಓದು ಒಂದೇ, ಕೆಲಸ ಒಂದೇ. ಆದರೂ ಅಣ್ಣನಿಗೆ ಬೇಗನೆ ಸಿಕ್ಕಿದ ಕಾರ್ಡು ತಮ್ಮನಿಗೆ ಹತ್ತು ವರ್ಷ ಕಳೆದರೂ ಸಿಗದಿರಬಹುದು. ತಾಳವಾಡಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ಅದೇ ಜಿಲ್ಲೆಯ ತಾಳವಾಡಿ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಗೆರೆ ಎಲ್ಲಿ ಹಾಯಿತೆಂಬುದರಿಂದ ಮಕ್ಕಳ ಶಾಲೆ, ಪಠ್ಯಪುಸ್ತಕ, ನೌಕರಿಗಳೆಲ್ಲ ಬದಲಾದುದನ್ನು ಮೂರು ತಲೆಮಾರು ಕಂಡಿದೆ.

ಕಾಯುವುದೊಂದೇ ಕಷ್ಟವಾಗಿದ್ದರೆ ಸಹಿಸಬಹುದಿತ್ತು. ಕಾಯುವಷ್ಟೂ ಕಾಲ ಒಬ್ಬ ಮಾಲೀಕನ ಕೆಳಗೆ ಇರಬೇಕೆಂಬ ಭಯ ಅದಕ್ಕಿಂತ ದೊಡ್ಡದು. ಕೆಲಸ ಹೋದರೆ ಎಚ್-1ಬಿಯವರಿಗೆ ಸಾಮಾನ್ಯವಾಗಿ ದೊರೆಯುವುದು ಹೆಚ್ಚೆಂದರೆ 60 ದಿನಗಳ ಗಡುವು. ಅಷ್ಟರೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲವೆ ಬೇರೆ ಬಗೆಯ ಪರವಾನಿಗೆಗೆ ಬದಲಾಗಬೇಕು, ಅದೂ ಆಗದಿದ್ದರೆ ದೇಶ ಬಿಡಬೇಕು. ಈ ಗಡುವಿನ ನೆನಪಿರುವವನು ಸಂಬಳ ಹೆಚ್ಚಿಸಿರೆಂದು ಕೇಳಲು ಹಿಂಜರಿಯುತ್ತಾನೆ, ಹೊತ್ತು ಮೀರಿದ ಕೆಲಸವನ್ನು ಒಲ್ಲೆನೆನ್ನಲು ಅಂಜುತ್ತಾನೆ. ಊರಿನಲ್ಲಿ ತಂದೆ ಹಾಸಿಗೆ ಹಿಡಿದರೂ ಹೊರಟು ಬರಲು ಯೋಚಿಸುತ್ತಾನೆ. ಏಕೆಂದರೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಚೆನ್ನೈನಂಥ ಕಡೆಯ ದೂತಾವಾಸದಲ್ಲಿ ಹೊಸ ಮುದ್ರೆ ಪಡೆಯದೆ ಹಿಂದಿರುಗುವಂತಿಲ್ಲ. ಅದು ತಡವಾದರೆ ಅಲ್ಲಿ ಕೆಲಸ ಕಾದಿರುತ್ತದೆಂಬ ಖಾತರಿಯಿಲ್ಲ.

ಆದರೆ ಭಯವು ಕಾನೂನಿಗಿಂತ ದೊಡ್ಡದಾಗಿ ಬೆಳೆದಿರುವ ಕಡೆಗಳೂ ಉಂಟು. ಕಾಯುವವನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಗೊತ್ತಿದ್ದರೆ ಆ ಭಯದ ಅರ್ಧ ಭಾರ ಇಳಿಯುತ್ತದೆ. ಮೊದಲನೆಯದಾಗಿ, ಐ-140 ಒಮ್ಮೆ ಮಂಜೂರಾದರೆ ಆ ದಿನಾಂಕ ಕೆಲಸಗಾರನ ಸೊತ್ತು. ಕಂಪನಿ ಬದಲಾಯಿಸಿದರೆ ಹೊಸ ಕಂಪನಿಯು ಪರ್ಮ್ ಮತ್ತು ಐ-140 ಎರಡನ್ನೂ ಹೊಸದಾಗಿ ಮಾಡಬೇಕಾಗುತ್ತದೆ ನಿಜ, ಆದರೆ ಸಾಲಿನಲ್ಲಿ ಹಳೆಯ ಸ್ಥಾನವೇ ಮುಂದುವರಿಯುತ್ತದೆ. ವಂಚನೆ ಅಥವಾ ಇಲಾಖೆಯ ಗಂಭೀರ ತಪ್ಪಿನ ಕಾರಣದಿಂದ ಮಂಜೂರಾತಿ ರದ್ದಾದರೆ ಮಾತ್ರ ಆ ಸ್ಥಾನ ಹೋಗುತ್ತದೆ. ಎರಡನೆಯದಾಗಿ, ಮಂಜೂರಾಗಿ 180 ದಿನ ಕಳೆದ ಐ-140 ಅರ್ಜಿಯನ್ನು ಹಳೆಯ ಕಂಪನಿ ಹಿಂತೆಗೆದುಕೊಂಡರೂ ಅಷ್ಟರಿಂದಲೇ ಅದು ರದ್ದಾಗುವುದಿಲ್ಲವೆಂದು 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ ಹೇಳುತ್ತದೆ. ಮೂರನೆಯದಾಗಿ, 2000ದಲ್ಲಿ ಆದ ಕಾಯಿದೆಯ ಪ್ರಕಾರ ಐ-140 ಮಂಜೂರಾಗಿ ಸರತಿಗಾಗಿ ಕಾಯುತ್ತಿರುವವರ ಎಚ್-1ಬಿಯನ್ನು ಆರು ವರ್ಷದ ಮಿತಿಯನ್ನೂ ಮೀರಿ, ಒಮ್ಮೆಗೆ ಮೂರು ವರ್ಷದವರೆಗೆ ಮುಂದುವರಿಸಬಹುದು. ಅದೇ ಕಾಯಿದೆ ಇನ್ನೊಂದು ಬಾಗಿಲನ್ನೂ ತೆರೆದಿದೆ: ಐ-485 ಸಲ್ಲಿಸಿ 180 ದಿನ ಕಳೆದ ಮೇಲೆ, ಅದೇ ಬಗೆಯ ಅಥವಾ ಅದನ್ನು ಹೋಲುವ ಕೆಲಸವಾದರೆ, ಬೇರೆ ಕಂಪನಿಗೆ ಹೋದರೂ ಗ್ರೀನ್ ಕಾರ್ಡಿನ ಅರ್ಜಿ ಮುಂದುವರಿಯುತ್ತದೆ.

ಹಣದ ವಿಷಯದಲ್ಲಿಯೂ ಗೆರೆಗಳು ಸ್ಪಷ್ಟವಾಗಿವೆ. ಪರ್ಮ್ ಅರ್ಜಿಯ ವೆಚ್ಚವನ್ನು, ಕಂಪನಿಯ ವಕೀಲರ ಶುಲ್ಕವೂ ಸೇರಿದಂತೆ, ಕಂಪನಿಯೇ ಭರಿಸತಕ್ಕದ್ದು. ಕೆಲಸಗಾರನ ಸಂಬಳದಿಂದ ಅದನ್ನು ಮುರಿಯುವಂತಿಲ್ಲ. ಕೈಗೆ ಕೆಲಸ ಕೊಡದೆ ಎಚ್-1ಬಿ ಕೆಲಸಗಾರನನ್ನು ಕಂಪನಿ ಸುಮ್ಮನೆ ಕೂರಿಸಿದರೂ ಒಪ್ಪಿದ ಸಂಬಳವನ್ನು ಕೊಡಲೇಬೇಕು. ಪರ್ಮ್ ಮತ್ತು ಐ-140 ಕಂಪನಿಯ ಹೆಸರಿನ ಅರ್ಜಿಗಳಾದ್ದರಿಂದ ಅವುಗಳ ಪ್ರತಿಗಳು ಕೆಲಸಗಾರನ ಕೈಸೇರದೆ ಉಳಿಯುವುದುಂಟು. ಸಂಬಂಧ ಚೆನ್ನಾಗಿರುವಾಗಲೇ ಪ್ರತಿಯನ್ನು ಕೇಳಿ ಪಡೆದು ಜೋಪಾನ ಮಾಡಿಕೊಂಡವನಿಗೆ ಮುಂದೆ ಪರದಾಟವಿಲ್ಲ.

ಗಂಡನ ಅಥವಾ ಹೆಂಡತಿಯ ಎಚ್-1ಬಿಯನ್ನು ಅವಲಂಬಿಸಿ ಹೋದ ಸಂಗಾತಿಗೆ ಮೊದಲು ದುಡಿಯುವ ಅನುಮತಿಯೇ ಇರಲಿಲ್ಲ. 2015ರ ಮೇ ತಿಂಗಳಿನಿಂದ, ಐ-140 ಮಂಜೂರಾದವರ ಸಂಗಾತಿಗಳು ಕೆಲಸದ ಅನುಮತಿಗೆ ಅರ್ಜಿ ಹಾಕಬಹುದಾಗಿದೆ. ಮಕ್ಕಳ ವಿಷಯ ಇದಕ್ಕಿಂತ ಕಠಿಣ. ಇಲ್ಲಿ ಹುಟ್ಟಿ ತಂದೆತಾಯಿಯೊಂದಿಗೆ ಅಲ್ಲಿಗೆ ಹೋದ ಮಗು 21 ವರ್ಷ ತುಂಬುವವರೆಗೆ ಮಾತ್ರ ಅವರ ಅರ್ಜಿಯ ಆಸರೆಯಲ್ಲಿರುತ್ತದೆ. ಐ-140 ಇಲಾಖೆಯಲ್ಲಿ ಬಾಕಿಯಿದ್ದಷ್ಟು ದಿನಗಳನ್ನು ವಯಸ್ಸಿನಿಂದ ಕಳೆಯಲು 2002ರ ಕಾಯಿದೆಯೊಂದು ಅವಕಾಶ ಕೊಟ್ಟಿದೆಯಾದರೂ ಸರತಿಯಲ್ಲಿ ಕಳೆದ ವರ್ಷಗಳನ್ನು ಅದು ಕಳೆಯುವುದಿಲ್ಲ. ಅರ್ಜಿ ಹಾಕಿದ ದಿನ ಮಗುವಿಗೆ 8 ವರ್ಷವಾಗಿದ್ದರೆ ಕೈಯಲ್ಲಿರುವುದು 13 ವರ್ಷ. ಸರತಿ ಅದಕ್ಕಿಂತ ಉದ್ದವಾದರೆ, ಬೆಳೆದ ನೆಲದಲ್ಲಿಯೇ ಆ ಮಗು ವಿದೇಶಿ ವಿದ್ಯಾರ್ಥಿಯೆಂದು ಬೇರೆ ವೀಸಾ ಪಡೆಯಬೇಕು, ಇಲ್ಲವೆ ನೆನಪಿನಲ್ಲಿಯೂ ಇಲ್ಲದ ಊರಿಗೆ ಒಬ್ಬಂಟಿಯಾಗಿ ಮರಳಬೇಕು.

ಕಾಸರಗೋಡು ಮಂಗಳೂರುಗಳಿಂದ ಕೊಲ್ಲಿ ದೇಶಗಳಿಗೆ ಹೋದ ಸಾಮಾನ್ಯ ದುಡಿಮೆಗಾರನಿಗೆ ಈ ಇಬ್ಬಂದಿಯಿಲ್ಲ. ಅಲ್ಲಿ ಅವನ ವಾಸದ ಪರವಾನಿಗೆ ಕೆಲಸಕ್ಕೆ ಅಂಟಿಕೊಂಡದ್ದು, ಕಾಯಂ ವಾಸದ ಆಸೆಯನ್ನು ಆ ದೇಶಗಳು ಅವನಿಗೆ ತೋರಿಸಿದ್ದೂ ಇಲ್ಲ. ಮರಳುವುದು ಖಚಿತವಾದ್ದರಿಂದ ಅವನು ಮೊದಲ ವರ್ಷದಿಂದಲೇ ಊರಿನಲ್ಲಿ ಮನೆ ಕಟ್ಟುವ ಲೆಕ್ಕ ಹಾಕುತ್ತಾನೆ. ಅಮೆರಿಕದ ಸಾಲಿನಲ್ಲಿರುವವನಿಗೆ ಅಲ್ಲಿ ಮನೆ ಕೊಳ್ಳಲೂ ಅಳುಕು, ಇಲ್ಲಿ ಕಟ್ಟಲೂ ಅಳುಕು. ಆದ್ದರಿಂದ ಎಷ್ಟು ವರ್ಷ ಕಾಯುವುದು ಎಂಬುದನ್ನು ಸಾಲಿಗೆ ಬಿಡದೆ ಮನೆಯೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮಗುವಿನ ವಯಸ್ಸು, ಹಿರಿಯರ ಆರೋಗ್ಯ, ಸಾಲದ ಬಾಕಿ ಈ ಮೂರನ್ನು ಮುಂದಿಟ್ಟುಕೊಂಡು ಒಂದು ವರ್ಷವನ್ನು ನಿಗದಿ ಮಾಡಿಕೊಂಡರೆ, ಆಗ ಮರಳಿ ಬರುವುದು ಸೋಲೆನಿಸುವುದಿಲ್ಲ. ಊರಿನವರೂ ಅದನ್ನು ಸೋಲೆಂದು ಆಡಿಕೊಳ್ಳಬಾರದು.

ಇಲ್ಲಿರುವ ಮನೆಯವರು ಮಾಡಬಹುದಾದ ಕೆಲಸವೂ ಇದೆ. ಸಾಲಿನ ಕೊನೆಯಲ್ಲಿ ಐ-485 ಅರ್ಜಿಯೊಂದಿಗೆ ಜನನ ಪ್ರಮಾಣಪತ್ರ ಬೇಕು. ಎಷ್ಟೋ ಮನೆಗಳಲ್ಲಿ ಅದು ಇಲ್ಲ, ಇದ್ದರೂ ಮಗುವಿನ ಹೆಸರನ್ನು ಬರೆಯಿಸಿಲ್ಲ, ಬರೆಯಿಸಿದ್ದರೂ ಬೇರೆ ದಾಖಲೆಗಳೊಂದಿಗೆ ಹೊಂದುವುದಿಲ್ಲ. ಈ ಸೀಮೆಯಲ್ಲಿ ಒಂದೇ ಹೆಸರು ಮನೆಯಲ್ಲಿ ಮಾದೇವ, ಕನ್ನಡ ಶಾಲೆಯ ದಾಖಲೆಯಲ್ಲಿ ಮಹದೇವ, ತಮಿಳಿನಲ್ಲಿ ಬರೆದ ರಿಜಿಸ್ಟರಿನಲ್ಲಿ ಮಹಾದೇವನ್ ಆಗುವುದು ಸಹಜ. ಹೆಸರಿನ ಹಿಂದೆ ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಇಡುವ ರೂಢಿಯೂ ಮುಂದೆ ತೊಡಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಬಂದು ಕೂರುತ್ತದೆ. ಬ್ಯಾಂಕಿನಿಂದ ಚಾಲನಾ ಪರವಾನಿಗೆಯವರೆಗೆ ಅದು ಬೆನ್ನು ಬಿಡುವುದಿಲ್ಲ.

ಜನನ ನೋಂದಣಿಯಾದ ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕೊಟ್ಟು ಸೇರಿಸಲು ನಿಯಮಗಳಲ್ಲಿ ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆ, ಪಾಸ್‌ಪೋರ್ಟು ಮೊದಲಾದವುಗಳಿಗೆ ಜನನ ದಿನಾಂಕದ ಆಧಾರವೇ ಈ ಪ್ರಮಾಣಪತ್ರ. ವಿದೇಶದ ಯೋಚನೆ ಇರಲಿ ಬಿಡಲಿ, ಒಂದನೆಯ ತರಗತಿಗೆ ಸೇರಿಸುವ ದಿನವೇ ಹೆಸರನ್ನು ಜನನ ಪ್ರಮಾಣಪತ್ರದಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಬರೆಯಿಸಿದರೆ ಮುಂದಿನ ಹಲವು ಅಲೆದಾಟಗಳು ತಪ್ಪುತ್ತವೆ. ಪ್ರಮಾಣಪತ್ರವೇ ಇಲ್ಲದ ಹಿರಿಯ ಮಕ್ಕಳಿಗೆ ನೋಂದಣಿಯಾಗಿಲ್ಲವೆಂಬ ಅಧಿಕಾರಿಯ ಪತ್ರ, ಶಾಲೆಯ ದಾಖಲೆ, ಹುಟ್ಟನ್ನು ಬಲ್ಲ ಬಂಧುಗಳ ಪ್ರಮಾಣಿತ ಹೇಳಿಕೆ ಇವು ನೆರವಿಗೆ ಬರುತ್ತವೆ. ಆ ಹೇಳಿಕೆ ಕೊಡಬೇಕಾದ ಅಜ್ಜಿ, ಸೋದರಮಾವಂದಿರು ಇರುವಾಗಲೇ ಅದನ್ನು ಬರೆಯಿಸಿಡುವುದು ಮೇಲು. ದಾಖಲೆ ಕನ್ನಡದಲ್ಲಿದ್ದರೆ ಅದು ದೋಷವಲ್ಲ. ಎರಡೂ ಭಾಷೆ ಬಲ್ಲವರೊಬ್ಬರು ಪೂರ್ಣವಾಗಿ ಇಂಗ್ಲಿಷಿಗೆ ಅನುವಾದಿಸಿ, ಅನುವಾದ ಸರಿಯಾಗಿದೆಯೆಂದೂ ತಾವು ಅದಕ್ಕೆ ಸಮರ್ಥರೆಂದೂ ಸಹಿ ಮಾಡಿದರೆ ಸಾಕು.

ಇನ್ನು ಮುಂದೆ ಫೋನು ಬಂದಾಗ ತಾಯಿ ಇನ್ನೆರಡು ಪ್ರಶ್ನೆಗಳನ್ನೂ ಕೇಳಬಹುದು: ಐ-140 ಮಂಜೂರಾಯಿತೆ, ಅದರ ಪ್ರತಿ ನಿನ್ನ ಕೈಯಲ್ಲಿದೆಯೆ? ಮೊಮ್ಮಗಳಿಗೆ ಈಗ ಎಷ್ಟು ವರ್ಷ? ಈ ಎರಡಕ್ಕೆ ಉತ್ತರ ದೊರೆತರೆ, "ಯಾವಾಗ ಬತ್ತೀಯಪ್ಪ?" ಎಂಬುದನ್ನು ತಾಯಿ ಮಗ ಇಬ್ಬರೂ ಕೂಡಿ ಲೆಕ್ಕ ಹಾಕಬಹುದು.