ಮಾತಿನ ಆಟ ನಮ್ಮ ಮಾತಿನಲ್ಲೇ ನಡೆಯಲಿ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಬರಿಯ ಮಾತಿನಿಂದ ಕಥೆ ಕಟ್ಟುವ ಆಟವೊಂದಿದೆ. 1974ರಲ್ಲಿ ಅಮೇರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಹೊರತಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಈ ಬಗೆಯ ಮೊದಲ ಪ್ರಕಟಿತ ಆಟ.

ಇದರ ಜೀವಾಳ ಸೂತ್ರಧಾರ. ಆತ ಕಥೆಯ ಅಂತ್ಯವನ್ನು ಬರೆದಿಟ್ಟುಕೊಂಡು ಬಂದರೆ ಆಟ ಕೆಟ್ಟಿತೆಂದೇ ಲೆಕ್ಕ. ಒಂದು ಊರು, ನಾಲ್ಕು ಹೆಸರು, ಒಂದು ಸಂಕಟ, ಯಾರೂ ತಡೆಯದಿದ್ದರೆ ಖಳನು ಮುಂದೇನು ಮಾಡುವನೆಂಬ ಎಣಿಕೆ. ಇಷ್ಟು ಸಿದ್ಧತೆ ಸಾಕು. ಬಳಿಕ ‘ಈಗ ನೀವೇನು ಮಾಡುವಿರಿ?’ ಎಂದು ಕೇಳಿ, ಉತ್ತರಕ್ಕೆ ತಕ್ಕಂತೆ ಕಥೆಯನ್ನು ತಿರುಗಿಸಬೇಕು. ಫಲ ಸಂಶಯವಿದ್ದಲ್ಲಿ ಮಾತ್ರ ದಾಳ ಉರುಳಬೇಕು. ಸುಮ್ಮನೆ ಕುಳಿತವನಿಗೂ ಮಾತಿನ ಸರದಿ ಕೊಡಿಸುವವನೇ ಒಳ್ಳೆಯ ಸೂತ್ರಧಾರ.

ತಾಳಮದ್ದಳೆ ಕೇಳಿ ಬೆಳೆದ ನಮಗಿದು ತೀರ ಹೊಸತಲ್ಲ. ವೇಷವಿಲ್ಲದೆ ಕುಳಿತು, ಆ ಕ್ಷಣಕ್ಕೆ ಹೊಳೆದ ಮಾತಿನಿಂದ ಪಾತ್ರ ಕಟ್ಟುವುದು ನಮ್ಮ ಅರ್ಥಧಾರಿಗಳ ವಿದ್ಯೆ. ಅಲ್ಲಿ ಪ್ರಸಂಗದ ಅಂತ್ಯ ಮೊದಲೇ ಗೊತ್ತು, ಇಲ್ಲಿ ಗೊತ್ತಿಲ್ಲ.

ನಮ್ಮ ಮಕ್ಕಳು ಶಾಲೆಯಲ್ಲಿ ಕನ್ನಡ ಓದಿದರೂ ಅದರಲ್ಲಿ ವಾದಿಸುವ, ಚೌಕಾಶಿ ಮಾಡುವ, ನಗೆಯಾಡುವ ಸಂದರ್ಭಗಳು ಕಡಿಮೆ. ಪೇಟೆಯ ವ್ಯವಹಾರ ಮಲಯಾಳದಲ್ಲಿ. ಉದ್ಯೋಗದ ಚಿಂತೆ ಇಂಗ್ಲಿಷಿನಲ್ಲಿ. ಆಡದ ಭಾಷೆ ಪಾಠಪುಸ್ತಕದಲ್ಲೇ ಉಳಿದೀತು. ಭಾಷಾ ಹಕ್ಕುಗಳಿಗಾಗಿ ಮನವಿ ಸಲ್ಲಿಸುವುದು ಅಗತ್ಯವೇ. ಆದರೆ ಜಗಲಿಯಲ್ಲಿ ಮಕ್ಕಳ ನಾಲಗೆಗೆ ಕನ್ನಡದ ಕೆಲಸ ಕೊಡಲು ಯಾವ ಸರಕಾರದ ಅಪ್ಪಣೆಯೂ ಬೇಡ. ಬರುವ ರಜೆಯಲ್ಲಿ ಮನೆಯ ಹಿರಿಯರೊಬ್ಬರು ಸೂತ್ರಧಾರರಾಗಲಿ.