ಐದು ತಿಂಗಳ ಬಸುರಿ, ವಾರಕ್ಕೊಂದು ವಿಮಾನ

ವಿ.ಸಿ. ಫಾರಂನಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅಲ್ಲಿನ ಕೃಷಿ ಕಾಲೇಜಿನಲ್ಲೇ ಓದಿದವರು. ಈಗ ಬೀಜದ ಕಂಪನಿಯೊಂದರಲ್ಲಿ ಕೆಲಸ. ತಿಂಗಳಿಗೆ ನಾಲ್ಕು ಸಲ ಹೈದರಾಬಾದ್, ದೆಹಲಿ ಎಂದು ಟೂರ್ ಇದ್ದೇ ಇರುತ್ತೆ. ಈಗ ಐದು ತಿಂಗಳು. ‘ವಿಮಾನ ಹತ್ತಿದ್ರೆ ಮಗೀಗೆ ಆಗಲ್ಲ, ಕೆಲಸ ಬಿಟ್ಬುಡವ್ವ’ ಅಂತಾರೆ ಅತ್ತೆ. ‘ಡಾಕ್ಟರು ಸರ್ಟಿಫಿಕೇಟ್ ಕೊಟ್ಟಿದ್ದಾರಲ್ಲ, ಇನ್ನೇನು ತೊಂದರೆ?’ ಅಂತಾರೆ ಬಾಸ್. ಯಾರ ಮಾತು ಕೇಳಲಿ ಎಂಬುದು ಅವರ ಪ್ರಶ್ನೆ.

ಮೊದಲು ಅತ್ತೆಯವರ ಭಯಕ್ಕೆ ಉತ್ತರ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ಆರೋಗ್ಯವಂತ ಬಸುರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ಹಾನಿಯಿಲ್ಲ. ತೊಡಕಿಲ್ಲದ ಗರ್ಭಿಣಿ 36 ವಾರದವರೆಗೆ ಆಗೊಮ್ಮೆ ಈಗೊಮ್ಮೆ ಹಾರಾಡಬಹುದು ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘವೂ ಹೇಳಿದೆ. ಆಕಾಶದ ವಿಕಿರಣದ ಭಯವೂ ದೇಶದೊಳಗಿನ ಎರಡು ಮೂರು ಗಂಟೆ ಪ್ರಯಾಣಕ್ಕೆ ಅಷ್ಟಾಗಿ ಬೇಡ. ಅಮೆರಿಕ, ಯೂರೋಪಿಗೆ ಮೇಲಿಂದ ಮೇಲೆ ಹೋಗುವವರು ಮಾತ್ರ ವೈದ್ಯರೊಂದಿಗೆ ಕೂತು ಲೆಕ್ಕ ಹಾಕಬೇಕು. ಆದರೆ ರಕ್ತಸ್ರಾವ, ಬಿಪಿ, ತೀರಾ ರಕ್ತಹೀನತೆ ಇದ್ದರೆ, ಹಿಂದಿನ ಹೆರಿಗೆ ಅವಧಿಗೆ ಮುಂಚೆ ಆಗಿದ್ದರೆ ವೈದ್ಯರು ಒಪ್ಪದೆ ಹೊರಡಲೇಬೇಡಿ.

ಇನ್ನು ಬಾಸ್. ಮೇಲಿನ ಮಾತಿನಲ್ಲಿ ‘ಆಗೊಮ್ಮೆ ಈಗೊಮ್ಮೆ’ ಎಂದಿದೆ ನೋಡಿ, ತಿಂಗಳಿಗೆ ನಾಲ್ಕು ಸಲ ಅಂದರೆ ಎಂಟು ಹಾರಾಟ! ಸರ್ಟಿಫಿಕೇಟ್ ಇರುವುದು ವಿಮಾನ ಕಂಪನಿಗೆ ತೋರಿಸಲು. ಆ ದಿನ ನೀವು ಸೀಟಿನಲ್ಲಿ ಕೂರಬಹುದು ಎಂದಷ್ಟೇ ಅದರ ಅರ್ಥ. ವಿ.ಸಿ. ಫಾರಂನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹತ್ತಿರ ಹತ್ತಿರ 140 ಕಿ.ಮೀ. ಆಗುತ್ತೆ. ಬೆಳಗಿನ ಆರರ ವಿಮಾನವೆಂದರೆ ರಾತ್ರಿ ಒಂದಕ್ಕೇ ಕಾರು ಹತ್ತಬೇಕು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ದಾರಿ ಬೇಗ ಸಾಗುತ್ತೆ, ನಿಜ. ಹಳೇ ರಸ್ತೆಯಲ್ಲಾದರೆ ಮದ್ದೂರು ವಡೆಯ ನೆಪಕ್ಕಾದರೂ ಗಾಡಿ ನಿಲ್ಲುತ್ತಿತ್ತು, ಕಾಲು ಚಾಚಿ ಬಾತ್‌ರೂಮಿಗೆ ಹೋಗಬಹುದಿತ್ತು. ಐದು ತಿಂಗಳ ಬಸುರಿಗೆ ಅದೇ ದೊಡ್ಡ ಸೌಕರ್ಯ.

ಹಾಗಾದರೆ ಕಾನೂನು ಏನನ್ನುತ್ತೆ? 1961ರ ಹೆರಿಗೆ ಸೌಲಭ್ಯ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 2025ರ ನವೆಂಬರ್ 21ರಿಂದ ಇದು ಜಾರಿಯಲ್ಲಿದೆ. ಮೊದಲ ಎರಡು ಮಕ್ಕಳಿಗೆ 26 ವಾರ ರಜೆ, ಅದರಲ್ಲಿ ಎಂಟು ವಾರ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಆಯಾಸದ ಕೆಲಸ ಕೊಡಬೇಡಿ ಎಂದು ಕೇಳುವ ಹಕ್ಕೂ ಉಂಟು. ಆದರೆ ಅದು ಶುರುವಾಗುವುದು ಹೆರಿಗೆಗೆ ಆರು ವಾರ ಮತ್ತು ಒಂದು ತಿಂಗಳು ಮುಂಚೆ, ಅಂದರೆ ಸುಮಾರು 30ನೇ ವಾರಕ್ಕೆ. ಅದೂ ನೀವಾಗಿ ಕೇಳಿದರೆ ಮಾತ್ರ. ವಾಂತಿಯ ಮೊದಲ ಮೂರು ತಿಂಗಳಿಗೂ, ನಿಮ್ಮ ಈಗಿನ ಐದನೇ ತಿಂಗಳಿಗೂ ಈ ರಕ್ಷಣೆ ಇಲ್ಲ. ಕಂಪನಿಯವರ ಒಳ್ಳೆಯತನವನ್ನೇ ನಂಬಬೇಕು. ಮೊದಲ ಬಸಿರಿಗೇ ಗಗನಸಖಿಯ ಕೆಲಸ ಕಳೆಯುತ್ತಿದ್ದ ಏರ್ ಇಂಡಿಯಾದ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ರದ್ದು ಮಾಡಿತು. ಅಂದು ಬಸುರಿ ಎಂದು ಮನೆಗೆ ಕಳಿಸುತ್ತಿದ್ದರು, ಇಂದು ಬಸುರಿಯಾದರೂ ಹಾರು ಅನ್ನುತ್ತಾರೆ!

ಆದ್ದರಿಂದ ಕೆಲಸ ಬಿಡಬೇಡಿ, ಆದರೆ 30ನೇ ವಾರಕ್ಕೂ ಕಾಯಬೇಡಿ. ಈ ವಾರವೇ ಬಾಸ್‌ಗೆ ಇ-ಮೇಲ್ ಮಾಡಿ. ತಿಂಗಳಿಗೆ ಎಷ್ಟು ಟೂರ್ ಸಾಕು, ಯಾವುದನ್ನು ವೀಡಿಯೋ ಕಾಲ್‌ನಲ್ಲಿ ಮುಗಿಸಬಹುದು ಎಂದು ನೀವೇ ಪಟ್ಟಿ ಕೊಡಿ. ಬೆಳಗಿನ ವಿಮಾನವಿದ್ದರೆ ಹಿಂದಿನ ರಾತ್ರಿ ವಿಮಾನ ನಿಲ್ದಾಣದ ಬಳಿ ಉಳಿಯುವ ಖರ್ಚು ಕೇಳಿ. ‘ಎಷ್ಟು ಸಲ, ಎಷ್ಟು ಗಂಟೆ ಪ್ರಯಾಣ ಸರಿ’ ಎಂದು ನಿಮ್ಮ ವೈದ್ಯರಿಂದ ಬರೆಸಿ ಜೊತೆಗಿಡಿ. ಬಾಯಿಮಾತಿನಲ್ಲಿ ಮುಗಿಸಿದರೆ ಅಪ್ರೈಸಲ್ ಹೊತ್ತಿಗೆ ಯಾರಿಗೂ ನೆನಪಿರೋಲ್ಲ.

ಹೋಗಲೇಬೇಕಾದಾಗ ನಡುದಾರಿ ಪಕ್ಕದ ಸೀಟು ಹಿಡಿಯಿರಿ. ಬೆಲ್ಟ್ ಹೊಟ್ಟೆಯ ಕೆಳಗಿರಲಿ. ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ. ಒಂದೇ ಕಾಲು ಊದಿ ನೋವು ಬಂದರೆ ಸುಸ್ತು ಎಂದು ಮಲಗದೆ ಅಂದೇ ಆಸ್ಪತ್ರೆಗೆ ಹೋಗಿ. ಅದು ರಕ್ತ ಹೆಪ್ಪುಗಟ್ಟಿದ ಸೂಚನೆಯಿರಬಹುದು. ಮುಂದಿನ ತಪಾಸಣೆಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಭಯದ ಮಾತನ್ನು ವೈದ್ಯರೆದುರೇ ಆಡಲಿ.